ಮಾವನ ಹೊಲ, ಪ್ಯಾರಿಸ್ಸಿನ ಮಣ್ಣು

2025ರ ಜೂನ್ 7, ಶನಿವಾರ. ಬಕ್ರೀದ್ ರಜೆ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ನನ್ನ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಅತ್ತೆಗೆ ಅಂತ ಮಂಡಕ್ಕಿ, ಖಾರ. ಹೊರಟಿದ್ದು ಚಿತ್ರದುರ್ಗದ ಆಚೆ ಇರುವ ನಮ್ಮ ಸೋದರಮಾವನ ತೋಟಕ್ಕೆ, ಪ್ಯಾರಿಸ್ಸಿನಲ್ಲಿ ಮಣ್ಣಿನ ಅಂಕಣದ ಮೇಲೆ ಆಡೋ ಫ್ರೆಂಚ್ ಓಪನ್ ಟೆನಿಸ್ ಫೈನಲ್ ನೋಡೋಕೆ.

ಮನೇಲೂ ಟಿವಿ ಇದೆ. ಆದರೂ ಫೈನಲ್ ಅಂದರೆ ನನಗೆ ಮಾವನ ಜಗಲಿಯೇ ಆಗಬೇಕು. ಮಾವ ಒಂದು ದಿನವೂ ರಾಕೆಟ್ ಹಿಡಿದವರಲ್ಲ. ಆದರೆ 1999ರಲ್ಲಿ ಪೇಸ್, ಭೂಪತಿ ಇಬ್ಬರೂ ಪ್ಯಾರಿಸ್ಸಿನಲ್ಲಿ ಡಬಲ್ಸ್ ಗೆದ್ದಾಗ ಪೇಪರಿನ ಫೋಟೋ ಕತ್ತರಿಸಿ ಬಿತ್ತನೆ ಬೀಜದ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದರು. ಆ ಡಬ್ಬಿ ಇನ್ನೂ ಇದೆ. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯಾದಲ್ಲಿ ಡಬಲ್ಸ್ ಗೆದ್ದ ದಿನ ಫೋನ್ ಮಾಡಿ, "ಕಾಫಿ ತೋಟದ ಹುಡುಗ ಕಣವ್ವ" ಅಂತ ಖುಷಿಪಟ್ಟಿದ್ದರು. ಟೆನಿಸ್ ನೋಡೋದನ್ನು ನನಗೆ ಕಲಿಸಿದವರು ಅವರು.

ಆನಗೋಡು, ಭರಮಸಾಗರ ದಾಟಿದ ಮೇಲೆ ಬೆಟ್ಟಗಳ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣೋಕೆ ಶುರುವಾದವು. ದುರ್ಗದಲ್ಲಿ ಇಳಿದಾಗ ಊರಿನ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಸುಮ್ನೆ ಕೂರೋದು ಯಾಕೆ ಅಂತ ಕೋಟೆಗೆ ಹೋದೆ. ಎಲ್ಲರೂ ಒನಕೆ ಓಬವ್ವನ ಕಿಂಡಿಯ ಕಡೆ ಹೊರಟರೆ ನಾನು ಹೊಂಡಗಳ ಕಡೆ ನಡೆದೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಊರೊಳಗಿನ ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆಯನ್ನು ಹೀಗೆ ಕೈಹಿಡಿದು ಇಳಿಸಿಕೊಂಡು ಬಂದ ಜನ ಅವರು. ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಅಷ್ಟು ದೊಡ್ಡ ಕೋಟೆ ಬದುಕಿದ್ದು ಗೋಡೆಗಳಿಂದ ಎಷ್ಟೋ, ಈ ಹೊಂಡಗಳಿಂದಲೂ ಅಷ್ಟೇ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಮಾವನ ತೋಟ ಇರೋದು ಜೋಗಿಮಟ್ಟಿ ಕಾಡಿನ ಹಿಂಬದಿಯಲ್ಲಿ. ಅರ್ಧ ಎಕರೆ ಅಡಿಕೆ, ಉಳಿದದ್ದೆಲ್ಲ ಮಳೆ ನಂಬಿದ ಕೆಂಪು ಹೊಲ. ಈ ಸಲ ಮೇ ತಿಂಗಳಲ್ಲೇ ಮಳೆ ಚೆನ್ನಾಗಿ ಬಂದಿತ್ತು. ಹೊಲ ಉತ್ತು, ಕುಂಟೆ ಹೊಡೆದು ಇಟ್ಟಿದ್ದರು. ಆಮೇಲೆ ಮಳೆ ಕೈಕೊಟ್ಟಿತ್ತು. "ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಅಂತಾರೆ. ನಮ್ಮ ಓಣಿಗೆ ಬರಲೇ ಇಲ್ಲ ನೋಡವ್ವ. ನಾಳೆ ಮೃಗಶಿರ ಹುಟ್ಟುತ್ತೆ, ನೋಡಾನ" ಅಂದರು ಮಾವ.

ಸಂಜೆ ಆರೂವರೆಗೆ ಹೆಂಗಸರ ಫೈನಲ್. ಟಿವಿಯನ್ನು ಜಗಲಿಗೆ ತಂದಿಟ್ಟೆವು. ಪ್ಯಾರಿಸ್ಸಿನಲ್ಲಿ ಗಾಳಿಯೋ ಗಾಳಿ. ಸಬಲೆಂಕಾ ಮೊದಲ ಸೆಟ್ಟನ್ನು 6-6 ಆದಾಗ ಆಡೋ ಟೈಬ್ರೇಕಿನಲ್ಲಿ ಗೆದ್ದರೂ ಹೊಡೆದ ಚೆಂಡು ಗೆರೆ ಆಚೆ ಹೋಗ್ತಾನೇ ಇತ್ತು. ಒಟ್ಟು 70 ತಪ್ಪು ಹೊಡೆತ ಅಂತ ಕೊನೆಗೆ ಲೆಕ್ಕ ತೋರಿಸಿದರು. ಕೊಕೊ ಗಾಫ್ ಮಾತ್ರ ಚೆಂಡನ್ನು ಒಳಗೇ ಇಟ್ಟುಕೊಂಡು ಓಡಿ ಓಡಿ 6-7, 6-2, 6-4ರಲ್ಲಿ ಗೆದ್ದಳು. ಮಾವ ಮೊದಲ ಸೆಟ್ಟಿನಲ್ಲೇ "ಈ ಹುಡುಗಿ ಗಾಳಿ ಜೊತೆ ಜಗಳ ಆಡ್ತಿಲ್ಲ" ಅಂದಿದ್ದರು. ಗಾಳಿ ನೋಡಿ ರಾಗಿ ತೂರಿದವರ ಕಣ್ಣು ಅದು.

ಭಾನುವಾರ ಬೆಳಿಗ್ಗೆ ಮಾವನ ಜೊತೆ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿದೆ. ಗೌಜಲಕ್ಕಿ ಎಲ್ಲೋ ಬೇಲಿಯ ಮರೆಯಲ್ಲಿ ಒಂದೇ ಸಮ ಕೂಗುತ್ತಿತ್ತು. ಕುಂಟೆ ಹೊಡೆದ ಮಣ್ಣಿನ ಮೇಲೆ ಕಾಡುಹಂದಿ ಹೆಜ್ಜೆ. ಮಾವ ಕುಕ್ಕರಗಾಲಲ್ಲಿ ಕೂತು ಗುರುತಿನ ಅಂಚನ್ನು ಬೆರಳಲ್ಲಿ ಮುಟ್ಟಿದರು. ಅಂಚು ಉದುರಿತು. "ನಿನ್ನೆ ರಾತ್ರೀದಲ್ಲ, ಮೊನ್ನೇದು." ನನಗೆ ಪ್ಯಾರಿಸ್ಸಿನ ಅಂಪೈರ್ ನೆನಪಾದರು. ಚೆಂಡು ಒಳಗೋ ಹೊರಗೋ ಅಂತ ತಕರಾರು ಬಂದರೆ ಅಲ್ಲಿ ಅಂಪೈರ್ ಕುರ್ಚಿ ಇಳಿದು ಬಂದು ಮಣ್ಣಿನ ಮೇಲಿನ ಗುರುತನ್ನು ಬಗ್ಗಿ ನೋಡುತ್ತಾರೆ. 2025ರಿಂದ ವಿಂಬಲ್ಡನ್‌ನಲ್ಲೂ ಗೆರೆ ಕಾಯೋ ಕೆಲಸ ಯಂತ್ರಕ್ಕೆ ಹೋಯಿತು. ಟೆನಿಸ್ಸಿನ ದೊಡ್ಡ ನಾಲ್ಕು ಟೂರ್ನಿಗಳಲ್ಲಿ ಮನುಷ್ಯರ ಕಣ್ಣನ್ನೇ ನಂಬಿ ಉಳಿದದ್ದು ಆಗ ಪ್ಯಾರಿಸ್ ಒಂದೇ. ಅದು ಹಾಗೇ ಇರಲಿ ಅಂತ ನನ್ನ ಆಸೆ.

ಆ ರಾತ್ರಿ ಗಂಡಸರ ಫೈನಲ್. ಸಿನ್ನರ್, ಅಲ್ಕರಾಜ್. ಅತ್ತೆ ಜಗಲಿ ಮೇಲೆ ಗೋಣಿಚೀಲ ಹಾಸಿ ಶೇಂಗಾ ಸುರಿದರು. ಬಿತ್ತನೆಗೆ ಇಟ್ಟದ್ದು. ಬಿತ್ತೋ ಶೇಂಗಾವನ್ನು ಮೊದಲೇ ಸುಲಿದು ಇಡೋ ಹಾಗಿಲ್ಲ, ಕೆಡುತ್ತದೆ. ಮೆಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಮೇಲಿನ ಸಿಪ್ಪೆ ಕಿತ್ತು ಹೋಗುತ್ತದೆ, ಅಂಥದ್ದು ಮೊಳೆಯಲ್ಲ. ಕೈಯಲ್ಲೇ ಸುಲಿಯಬೇಕು. ಹೆಬ್ಬೆರಳಿನಿಂದ ಕಾಯಿಯ ಮೂತಿ ಒತ್ತಿದರೆ ಪಟ್ ಅಂತ ಬಾಯಿ ಬಿಡುತ್ತದೆ. ಮೂರೂ ಜನ ಸುತ್ತ ಕೂತೆವು. ನಡುವೆ ಮೊರ, ಎದುರಿಗೆ ಟಿವಿ.

ಮಾವ ಟೆನಿಸ್ ನೋಡೋ ರೀತಿಯೇ ಬೇರೆ. ಸೆಟ್ ಮುಗಿದಾಗ ನಾವು ಎದ್ದು ನೀರು ಕುಡಿಯೋ ಹೊತ್ತಿಗೆ ಅವರು ಟಿವಿಗೆ ಹತ್ತಿರ ಜರುಗುತ್ತಾರೆ. ಆಗ ತಾನೇ ಕೆಲಸದವರು ಬಂದು ಅಂಕಣದ ಮೇಲೆ ದೊಡ್ಡ ಬಲೆ ಎಳೆದು ಮಣ್ಣು ಸಮ ಮಾಡೋದು, ಪೊರಕೆ ಹಿಡಿದು ಗೆರೆ ಗುಡಿಸೋದು. "ಹಲಗೆ ಹೊಡೆದಂಗೆ ಮಾಡ್ತಾರೆ ನೋಡು. ಕೆಳಗೆ ಏನೈತೆ?" ಅಂತ ಕೇಳಿದರು. ನನಗೆ ಗೊತ್ತಿದ್ದದ್ದು ಹೇಳಿದೆ. ಕೆಂಪಗೆ ಕಾಣೋದು ಇಟ್ಟಿಗೆ ಪುಡಿ, ಬರೀ ಒಂದೆರಡು ಮಿಲಿಮೀಟರ್. ಅದರ ಕೆಳಗೆ ಪುಡಿ ಮಾಡಿದ ಬಿಳಿ ಸುಣ್ಣದ ಕಲ್ಲು. ಅದರ ಕೆಳಗೆ ಸುಟ್ಟ ಕಲ್ಲಿದ್ದಲಿನ ಚೂರು, ಆಮೇಲೆ ಜಲ್ಲಿ. ಸುಣ್ಣದ ಕಲ್ಲು ನೀರು ಹಿಡಿದಿಟ್ಟುಕೊಂಡು ಮೇಲಿನ ಪುಡಿಗೆ ಪಸೆ ಕೊಡುತ್ತದೆ. ಒಣಗಿದರೆ ಪುಡಿ ಹಾರಿಹೋಗುತ್ತದೆ, ಅದಕ್ಕೇ ಪೈಪು ಹಿಡಿದು ನೀರು ಹಾಕ್ತಾನೇ ಇರುತ್ತಾರೆ.

ಮಾವ ಕೈಯಲ್ಲಿದ್ದ ಕಾಯಿ ಒಡೆಯೋದನ್ನೂ ಮರೆತು ಕೇಳುತ್ತಿದ್ದರು. "ಅಂದ್ರೆ ಹದ ನೋಡ್ಕೊಳ್ತಾರೆ" ಅಂದರು.

ಹದ. ನಾನು ಇಷ್ಟು ವರ್ಷ ಕ್ಲೇ ಕೋರ್ಟ್, ಅಂದರೆ ಈ ಮಣ್ಣಿನ ಅಂಕಣದ ಬಗ್ಗೆ ಓದಿದ್ದೆಲ್ಲ ಆ ಒಂದು ಮಾತಿನಲ್ಲಿ ಇತ್ತು. ಹದ ಇದ್ದರೆ ಚೆಂಡು ಮಣ್ಣು ಕಚ್ಚಿ ನಿಧಾನ ಆಗಿ ಎತ್ತರಕ್ಕೆ ಏಳುತ್ತದೆ. ಹದ ಇದ್ದರೆ ಆಟಗಾರ ಜಾರಿಕೊಂಡು ಹೋಗಿ ಚೆಂಡಿನ ಹತ್ತಿರ ಸರಿಯಾಗಿ ನಿಲ್ಲುತ್ತಾನೆ. ನಮಗೆ ಕಾಣೋದು ಅವನ ಕಾಲು, ಮಾವನಿಗೆ ಕಾಣೋದು ಕಾಲ ಕೆಳಗಿನ ಮಣ್ಣು.

ಸಿನ್ನರ್ ಆ ಟೂರ್ನಿಯಲ್ಲಿ ಅಲ್ಲಿವರೆಗೆ ಒಂದು ಸೆಟ್ ಕೂಡ ಸೋತಿರಲಿಲ್ಲ. ಮೊದಲೆರಡು ಸೆಟ್ ಅವನದೇ. ಮೂರನೆಯದು ಅಲ್ಕರಾಜ್ ತಗೊಂಡ. ನಡುವೆ ಮುದ್ದೆ, ಹುರುಳಿಕಾಳು ಸಾರು ಉಂಡೆವು. ಟಿವಿ ಬೆಳಕಿಗೆ ಹುಳ ಮುತ್ತಿದ್ದವು. ಒಂದು ಹಲ್ಲಿ ಸ್ಕ್ರೀನಿನ ಮೂಲೆಯಲ್ಲಿ ಹೊಂಚು ಹಾಕಿ ಕೂತಿತ್ತು.

ನಾಲ್ಕನೇ ಸೆಟ್. ಸಿನ್ನರ್ 5-3 ಮುಂದೆ, ಅಲ್ಕರಾಜ್ ಸರ್ವ್, 0-40. ಮೂರು ಚಾಂಪಿಯನ್‌ಶಿಪ್ ಪಾಯಿಂಟ್, ಅದರಲ್ಲಿ ಒಂದು ಗೆದ್ದರೂ ಸಿನ್ನರ್‌ಗೆ ಕಪ್. ಅಷ್ಟೊತ್ತಿಗೇ ಪಂಪ್ ಓಡಿಸೋ ತ್ರೀ ಫೇಸ್ ಕರೆಂಟ್ ಬಂತು. ಮಾವ ಎದ್ದು ಟಾರ್ಚ್ ತಗೊಂಡರು.

"ಮಾವ, ಒಂದೇ ನಿಮಿಷ, ಮುಗಿದೇ ಹೋಗುತ್ತೆ."

"ಅಡಿಕೆ ಗಿಡಕ್ಕೆ ನಾಲ್ಕು ದಿನ ಆಯ್ತು ಕಣವ್ವ ನೀರಿಲ್ಲದೆ" ಅಂತ ಹೇಳಿ ಕತ್ತಲಲ್ಲಿ ನಡೆದೇಬಿಟ್ಟರು.

ಮುಗಿಯಲಿಲ್ಲ. ಅಲ್ಕರಾಜ್ ಒಂದು ಉಳಿಸಿದ. ಎರಡು. ಮೂರು. ಡ್ಯೂಸ್, ಅಂದರೆ ಸಮ ಸಮ, ಅಂತ ಅಂಪೈರ್ ಕೂಗಿದಾಗ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ನಾನು ಚಪ್ಪಲಿ ಮೆಟ್ಟಿ ಮೊಬೈಲ್ ಬೆಳಕಲ್ಲಿ ಪಂಪ್‌ಸೆಟ್ ಮನೆ ಕಡೆ ಓಡಿದೆ. ಕರಡಿ ಓಡಾಡೋ ಜಾಗ, ಹಾಗೆಲ್ಲ ಓಡಬಾರದು ಅಂತ ಆಮೇಲೆ ಬೈಸಿಕೊಂಡೆ. ಮಾವ ಬಗ್ಗಿ ಗೇಟ್‌ವಾಲ್ವ್ ತಿರುಗಿಸುತ್ತಿದ್ದರು. ಪೈಪಿನೊಳಗೆ ಮೊದಲು ಗಾಳಿ ಕೆಮ್ಮಿದ ಸದ್ದು, ಹಿಂದೆಯೇ ನೀರು. ಅಲ್ಲಿ ನೆಟ್‌ವರ್ಕ್ ಇಲ್ಲ. ಬಾಯಲ್ಲೇ ಹೇಳಿದೆ: 0-40, 15-40, 30-40, ಡ್ಯೂಸ್. ಮಾವ ಸೊಂಟ ನೆಟ್ಟಗೆ ಮಾಡಿ ನಿಂತರು. "ಮೂರೂ ಉಳಿಸಿದ್ನಾ!" ಅಂದರು. ಜೀರುಂಡೆ ಸದ್ದಿನ ನಡುವೆ ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತೆವು. ಟಿವಿ ಮುಂದೆ ಕೂತು ಆ ಪಾಯಿಂಟುಗಳನ್ನು ನೋಡಿದ್ದಕ್ಕಿಂತ, ಅಲ್ಲಿ ನಿಂತು ಅವನ್ನು ಹೇಳಿದ್ದೇ ನನಗೆ ಜಾಸ್ತಿ ನೆನಪಿದೆ.

ಉಳಿದದ್ದನ್ನು ಎಲ್ಲರೂ ನೋಡಿದ್ದೀರಿ, ಅಲ್ವಾ? ನಾಲ್ಕನೆಯದು ಟೈಬ್ರೇಕಿನಲ್ಲಿ ಅಲ್ಕರಾಜ್‌ಗೆ. ಐದನೆಯದರಲ್ಲಿ ಅವನು ಗೆಲ್ಲೋಕೆ ಸರ್ವ್ ಮಾಡಿದಾಗ ಸಿನ್ನರ್ ಬಿಡಲಿಲ್ಲ. ಕೊನೆಯ ಟೈಬ್ರೇಕ್ 10-2. ಓಡುತ್ತಾ ಹೊಡೆದ ಫೋರ್‌ಹ್ಯಾಂಡ್ ಗೆರೆ ಪಕ್ಕ ಬಿತ್ತು, ಅಲ್ಕರಾಜ್ ಮಣ್ಣಿನ ಮೇಲೆ ಅಂಗಾತ ಬಿದ್ದ. 4-6, 6-7, 6-4, 7-6, 7-6. 5 ಗಂಟೆ 29 ನಿಮಿಷ. ಅಲ್ಲಿಯ ಫೈನಲ್‌ಗಳಲ್ಲಿ ಇಷ್ಟು ಉದ್ದದ್ದು ಹಿಂದೆ ಇರಲಿಲ್ಲ. 1982ರಲ್ಲಿ ವಿಲಾಂಡರ್, ವಿಲಾಸ್ ಆಡಿದ್ದು 4 ಗಂಟೆ 42 ನಿಮಿಷ. ನಮ್ಮ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. ಗೋಣಿಚೀಲದ ಮೇಲೆ ಕಾಯಿ ಖಾಲಿ. ನನ್ನ ಹೆಬ್ಬೆರಳು ಊದಿಕೊಂಡಿತ್ತು.

ಬೆಳಿಗ್ಗೆ ಮೊಬೈಲಿನಲ್ಲಿ ಒಂದು ಲೆಕ್ಕ ನೋಡಿ ಮಾವನಿಗೆ ಓದಿ ಹೇಳಿದೆ. ಇಡೀ ಆಟದಲ್ಲಿ ಸಿನ್ನರ್ ಗೆದ್ದ ಪಾಯಿಂಟ್ 193, ಅಲ್ಕರಾಜ್ ಗೆದ್ದದ್ದು 192. ಸೋತವನದೇ ಒಂದು ಜಾಸ್ತಿ.

ಮಾವನಿಗೆ ಆಶ್ಚರ್ಯವೇ ಆಗಲಿಲ್ಲ. "ಮಳೆ ಲೆಕ್ಕನೂ ಹಂಗೇ ಅಲ್ವೇನವ್ವ. ವರ್ಷದ ಲೆಕ್ಕದಲ್ಲಿ ಜಾಸ್ತಿನೇ ಬಂದಿರುತ್ತೆ. ಶೇಂಗಾ ಕಾಯಿ ಕಟ್ಟೋ ಹೊತ್ತಿಗೆ ಒಂದು ಹನಿ ಇರಲ್ಲ."

ಹೊಲಕ್ಕೆ ಹೋದೆವು. ಮಾವ ಒಂದು ಗೇಣು ಕೆದರಿ ಒಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿದರು. ಉಂಡೆ ಆಗಬೇಕು, ಎತ್ತರದಿಂದ ಬಿಟ್ಟರೆ ಒಡೆಯಬೇಕು, ಆಗ ಬಿತ್ತೋಕೆ ಹದ. ಕೈ ಬಿಚ್ಚಿದರು. ಉಂಡೆ ಕಟ್ಟಲೇ ಇಲ್ಲ, ಬೆರಳ ಸಂದಿಯಿಂದ ಸುರಿದುಹೋಯಿತು. "ಇನ್ನೊಂದು ಮಳೆ ಬೇಕು" ಅಂತ ಕೈ ಕೊಡವಿಕೊಂಡರು. ಸುಲಿದ ಬೀಜವನ್ನು ಅತ್ತೆ ಬಟ್ಟೆ ಚೀಲಕ್ಕೆ ತುಂಬಿ, ನೆರಳಿನ ಕೋಣೆಯಲ್ಲಿ ಗಾಳಿಯಾಡೋ ಹಾಗೆ ಇಟ್ಟರು. ಜಾಸ್ತಿ ದಿನ ಇಡೋಕಾಗಲ್ಲ ಅನ್ನೋ ಚಿಂತೆ ಅವರ ಮುಖದಲ್ಲಿ ಇತ್ತು. ನಾನು ಹತ್ತು ಗಂಟೆ ಬಸ್ ಹಿಡಿದೆ. ದಾರಿ ಉದ್ದಕ್ಕೂ ಆಕಾಶ ನೋಡಿಕೊಂಡೇ ಬಂದೆ.

ಫೋನ್ ಬಂದದ್ದು ಮುಂದಿನ ವಾರ.

"ಮೊನ್ನೆ ರಾತ್ರಿ ಬಂತು ಕಣವ್ವ, ಚೆನ್ನಾಗಿ ಬಂತು. ಇವತ್ತು ಕೂರಿಗೆ ಹೂಡಿದ್ವಿ. ನೀನು ಸುಲಿದದ್ದೂ ಅದರಲ್ಲೇ ಐತೆ."

ಹಿಂದೆ ಅತ್ತೆ ಏನೋ ಹೇಳುತ್ತಿದ್ದರು, ಎತ್ತಿನ ಗಂಟೆ ಸದ್ದು ಕೇಳುತ್ತಿತ್ತು.

"ವಿಂಬಲ್ಡನ್ ಯಾವತ್ತು ಶುರು?" ಅಂತ ಕೇಳಿದರು ಮಾವ.

"30ಕ್ಕೆ ಮಾವ, ಸೋಮವಾರ."

"ಅಷ್ಟೊತ್ತಿಗೆ ಮೊಳಕೆ ಎದ್ದಿರುತ್ತೆ. ಬಾ."