ಆ ಕಪ್ಪು ಡೈಮ್ಲರ್ ಸಿಕ್ತು!

ಇಂಗ್ಲೆಂಡಿನ ಕವೆಂಟ್ರಿ ರಿಂಗ್ ರೋಡಲ್ಲಿ ನನ್ನ ಪಕ್ಕದಲ್ಲೇ ಪಾಸಾಗಿ ಹೋದ ಆ ಉದ್ದನೆ ಶವವಾಹನ ಕೊನೆಗೂ ಪತ್ತೆಯಾಯ್ತು ಕಣ್ರೋ, ಡೈಮ್ಲರ್ ಡಿಎಸ್420! ನಂಬರ್ ಹಾಕಿದ್ರೆ ಇಲ್ಲಿನ ಸರ್ಕಾರಿ ವೆಬ್‌ಸೈಟು ಕಂಪನಿ, ವರ್ಷ, ಇಂಜಿನ್ ಸೈಜ್ ತೋರಿಸುತ್ತೆ ಆದ್ರೆ ಓನರ್ ಯಾರು ಅಂತ ಹೇಳಲ್ಲ, ಅದಕ್ಕೇ ಅಂತ್ಯಕ್ರಿಯೆ ಮಾಡಿಸೋ ಆಫೀಸುಗಳಿಗೆಲ್ಲ ಫೋನ್ ಮಾಡ್ತಾ ಹೋದೆ, ಒಬ್ರು ವಯಸ್ಸಾದವರು "ನಮ್ದೇ ಅದು, ಬನ್ನಿ ನೋಡಿ" ಅಂದ್ರು. 1968ರಿಂದ 1992ರವರೆಗೆ ಬಂದ ಮಾಡೆಲ್, ಜಾಗ್ವಾರ್‌ದೇ (ಡೈಮ್ಲರ್ ಆಗ ಅವರದೇ ಬ್ರಾಂಡ್) 4.2 ಲೀಟರ್ ಆರು ಸಿಲಿಂಡರ್ ಇಂಜಿನ್, ಶವವಾಹನಕ್ಕಾದ್ರೆ ಬರೀ ಚಾಸಿ ತಗೊಂಡು ಹಿಂದಿನ ಗಾಜಿನ ಭಾಗನೆಲ್ಲ ಬೇರೆ ಬಾಡಿ ಬಿಲ್ಡರ್‌ಗಳು ಕಟ್ತಿದ್ರು. ಇದೇ ಮಾಡೆಲಿನ ಲಿಮೋಸಿನ್‌ನಲ್ಲಿ ಮದುಮಕ್ಕಳೂ ಹೋಗ್ತಾರೆ, ರಾಜಮನೆತನದವರೂ ಓಡಾಡಿದಾರೆ. ದಿಬ್ಬಣಕ್ಕೂ ಅದೇ ಇಂಜಿನ್, ಕೊನೇ ಪಯಣಕ್ಕೂ ಅದೇ, ಅನ್ನೋದು ಯಾಕೋ ತಲೇಲಿ ಕೂತುಬಿಟ್ಟಿದೆ. ಫೋಟೋ ತೆಗೆಯೋಕೆ ಒಪ್ಪಿದಾರೆ, ತೆಗೆದ ತಕ್ಷಣ ಹಾಕ್ತೀನಿ.