ರಂಗಬಾವನ ಬೆಟ್ಟದಲ್ಲಿ ಸಮಾಜಶಾಸ್ತ್ರ

ನಮ್ಮ ಸಮಾಜಶಾಸ್ತ್ರದ ಮೇಷ್ಟ್ರಿಗೆ ಸಿಲೆಬಸ್ ಮುಗಿಸುವುದಕ್ಕಿಂತ ಹುಡುಗರನ್ನು ಬಿಳಿಗಿರಿರಂಗನ ಬೆಟ್ಟದ ಬಸ್ಸು ಹತ್ತಿಸುವುದೇ ಹೆಚ್ಚು ಇಷ್ಟ ಅಂತ ಸ್ಟಾಫ್ ರೂಮಿನಲ್ಲೇ ಮಾತಿತ್ತು. ಸುಳ್ಳೇನಲ್ಲ. ಪುಸ್ತಕದಲ್ಲಿ ಬುಡಕಟ್ಟು ಒಂದು ಅಧ್ಯಾಯ, ಧರ್ಮ ಇನ್ನೊಂದು. ಪರಿಸರವಂತೂ ಕೊನೆಯಲ್ಲಿ, ಪರೀಕ್ಷೆಗೆ ಬರೋದಿಲ್ಲ ಅಂತ ಎಲ್ಲರೂ ಬಿಟ್ಟುಬಿಡುವ ಪಾಠ. ‘ಬೆಟ್ಟದ ಮೇಲೆ ಈ ಮೂವರೂ ಒಂದೇ ಜಗಲಿ ಮೇಲೆ ಕೂತಿರ್ತಾರೆ ಕಣ್ರೋ, ಬನ್ನಿ ತೋರಿಸ್ತೀನಿ’ ಅಂದಿದ್ದರು. ನಮಗೆ ಎನ್ನೆಸ್ಸೆಸ್ ಶಿಬಿರದ ಊಟ, ತಿರುಗಾಟ ಸಿಕ್ಕರೆ ಸಾಕಾಗಿತ್ತು.

ಅವರು ಶುರು ಮಾಡಿದ್ದು ಮದುವೆಯಿಂದ. ಬೆಟ್ಟದ ದೇವರು ರಂಗನಾಥ, ಇಲ್ಲಿನ ಬುಡಕಟ್ಟಿನವರಾದ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಕಟ್ಟಿಕೊಂಡ. ಆದ್ದರಿಂದ ಸೋಲಿಗರಿಗೆ ಆತ ಬಾವ, ರಂಗಬಾವ. ಬಾವನ ಹತ್ತಿರ ಸಲಿಗೆಯೂ ಉಂಟು, ಜಗಳವೂ ಉಂಟು. ಅದೇ ದೇವರಿಗೆ ಬೂದಿಪಡಗದ ಮಾದಿಗ ಸಮುದಾಯದವರು ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಪಾದರಕ್ಷೆ ಹೊಲಿದು ಒಪ್ಪಿಸುತ್ತಾರೆ. ಭಕ್ತರು ಅದಕ್ಕೆ ತಲೆಯೊಡ್ಡುತ್ತಾರೆ. ‘ಚಪ್ಪಲಿಗೆ ತಲೆ ಕೊಡೋರು ಹೊಲಿದ ಕೈಗೆ ಏನು ಕೊಡ್ತಾರೆ? ಇದನ್ನೂ ನೋಟ್ಸಿನಲ್ಲಿ ಬರ್ಕೊಳ್ಳಿ’ ಅಂದರು ಮೇಷ್ಟ್ರು. ಯಾರೂ ಬರೆದುಕೊಳ್ಳಲಿಲ್ಲ. ಎಲ್ಲರಿಗೂ ನೆನಪಿದೆ.

ಮಾರನೆಯ ದಿನ ಒಂದು ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಹೋದೆವು. ಅಲ್ಲಿ ಸಿಕ್ಕ ಅಜ್ಜ ನಮ್ಮ ಕಡೆ ಒಮ್ಮೆ ನೋಡಿ, ಮೇಷ್ಟ್ರ ಹತ್ತಿರ ಎಲೆಅಡಿಕೆ ಇಸಕೊಂಡು ಮಾತಿಗೆ ಕೂತರು. ಕಾಡೆಂದರೆ ಅವರಿಗೆ ಬರೀ ಮರಗಳಲ್ಲ. ಒಂದೊಂದು ಕುಲಕ್ಕೂ ಒಂದು ಯಲ್ಲೆ, ಅಂದರೆ ಕಾಡಿನಲ್ಲಿ ಅವರದೇ ಸರಹದ್ದು. ಯಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಹಿರಿಯರ ಕಲ್ಲುಗುಡಿ, ನೀರಿನ ಅಬ್ಬಿ. ಇದ್ದಲ್ಲಿಂದಲೇ ಕೈ ತೋರಿಸುತ್ತಾ ಯಾವ ಗುಡ್ಡದ ಓರೆಯಲ್ಲಿ ಯಾವುದಿದೆ ಅಂತ ಹೇಳುತ್ತಾ ಹೋದರು. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಮರದ ಮಾತು ಬಂದಾಗ ಮಾತ್ರ ಕೈಮುಗಿದರು. ಅಲ್ಲಿಗೆ ಹೋಗಲು ನಾವಾದರೆ ಅರಣ್ಯ ಇಲಾಖೆಯ ಅನುಮತಿ ಕೇಳಬೇಕು.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಬೇಸಾಯ ಮಾಡಿಕೊಂಡು ಕಾಡೊಳಗೆ ಜಾಗ ಬದಲಿಸುತ್ತಿದ್ದವರನ್ನು ಒಂದೆಡೆ ಕೂರಿಸಲಾಯಿತು, ಬೇಟೆಯೂ ಬೆಂಕಿಯೂ ನಿಂತವು. ಬೇಟೆಯ ಬಗ್ಗೆ ಅಜ್ಜ ಏನೂ ಅನ್ನಲಿಲ್ಲ. ಬೆಂಕಿಯದೇ ಅವರ ದೂರು. ಬೇಸಿಗೆ ಕಾಯುವ ಮೊದಲೇ ನೆಲದ ಒಣ ಎಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿಗೆ ಅವರಲ್ಲಿ ತರಗು ಬೆಂಕಿ ಅನ್ನುತ್ತಾರೆ. ಎಲೆ ಉರಿದು ಹೋಗುತ್ತಿತ್ತು, ಮರಕ್ಕೆ ತಟ್ಟುತ್ತಿರಲಿಲ್ಲ, ಮಳೆ ಬಿದ್ದ ಮೇಲೆ ಹುಲ್ಲು ಚಿಗುರುತ್ತಿತ್ತು. ಅದು ನಿಂತ ಮೇಲೆ ಲಂಟಾನ ಅನ್ನುವ ಕಳೆಪೊದೆ ಏರಿತು, ನೆಲ್ಲಿ ಮರಕ್ಕೆ ಉಪ್ಪಿಲು ಅನ್ನುವ ಬಂದಳಿಕೆ ಹತ್ತಿತು. ಅಜ್ಜ ಎದ್ದುಹೋಗಿ ನೆಲ್ಲಿಯ ಒಂದು ಕೊಂಬೆ ಮುರಿದು ತಂದರು. ಕೊಂಬೆಗೆ ಗಂಟು ಕಟ್ಟಿದಂತೆ ಅಂಟಿಕೊಂಡ ಬಂದಳಿಕೆ, ದಪ್ಪ ಎಲೆ. ಅದರಾಚೆಗಿನ ನೆಲ್ಲಿಯ ರೆಂಬೆ ಒಣಗಿ ಕಡ್ಡಿ. ಸಸ್ಯಶಾಸ್ತ್ರದ ನಮ್ಮ ಗೆಳತಿಯೊಬ್ಬಳು ಆ ಪರಾವಲಂಬಿಯ ಶಾಸ್ತ್ರೀಯ ಹೆಸರು ಹೇಳಲು ಬಾಯಿ ತೆರೆದವಳು ಸುಮ್ಮನಾದಳು. 1997ರಲ್ಲಿ ಲೆಕ್ಕ ಹಾಕಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದ ಸಂಶೋಧಕರೂ ಲಂಟಾನ ಬಹಳ ಹಬ್ಬಿದೆ ಅಂತಲೇ ಬರೆದಿದ್ದಾರೆ ಎಂದು ಆಮೇಲೆ ಓದಿದೆ. ಬೆಂಕಿಯೊಂದೇ ಕಾರಣವೇ ಅಂತ ವಾದ ಇದೆ, ಇರಲಿ. ಅಜ್ಜನನ್ನು ಮೊದಲೇ ಒಂದು ಮಾತು ಕೇಳಬಹುದಿತ್ತು ಅನ್ನುವುದರಲ್ಲಿ ನನಗೆ ವಾದವಿಲ್ಲ.

ನಾವು ಹೋದದ್ದು ಒಳ್ಳೆಯ ಹೊತ್ತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಗಿ, ಒಕ್ಕಲೆಬ್ಬಿಸುತ್ತಾರೆಂಬ ಹೆದರಿಕೆ ಪೋಡುಗಳಲ್ಲಿ ಹರಡಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ, ಪಾಚಿ ತರುವ ಹಕ್ಕು, ದೇವರ ತಾಣಗಳಿಗೆ ಹೋಗುವ ಹಕ್ಕು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಯಾವುದನ್ನು ಸಾಕ್ಷ್ಯವಾಗಿ ಒಪ್ಪಬಹುದು ಅಂತ ಒಂದು ಪಟ್ಟಿ ಇದೆ: ಹಳೆಯ ಬಾವಿ, ಹೂಳುವ ಜಾಗ, ಪವಿತ್ರ ಸ್ಥಳ, ಹಿರಿಯರು ಹೇಳಿ ಬರೆಸಿದ ಹೇಳಿಕೆ. ಮೇಷ್ಟ್ರು ಅದನ್ನು ಪೋಡಿನಲ್ಲೇ ಗಟ್ಟಿಯಾಗಿ ಓದಿದರು. ಅಜ್ಜ ಕೈ ತೋರಿಸಿದ್ದ ಕಲ್ಲುಗುಡಿ, ಮಾರಮ್ಮ ಎಲ್ಲ ಕಾನೂನಿನ ಕಣ್ಣಿನಲ್ಲಿ ದಾಖಲೆ ಅಂತ ನನಗೆ ಆಗ ಹೊಳೆಯಿತು. ಪಟ್ಟಾ ಇಲ್ಲದವನ ಪಹಣಿ ಅದು. ಪೂಜೆ ಬಿಟ್ಟಿದ್ದರೆ ಹಕ್ಕು ಕೇಳಲು ಗುರುತೇ ಉಳಿಯುತ್ತಿರಲಿಲ್ಲ. ಹಕ್ಕು ಇಲ್ಲದೆ ಹೋದರೆ ಪೂಜೆಗೂ ಗೇಟಿನಲ್ಲಿ ಚೀಟಿ ತೋರಿಸಬೇಕು.

‘ಹಕ್ಕುಪತ್ರ ಬಂತಲ್ಲಜ್ಜ, ಈಗ ಖುಷಿಯಾ?’ ಅಂತ ನಮ್ಮಲ್ಲೊಬ್ಬ ಕೇಳಿದ. ‘ಕಾಗದ ಬಂತು ಕಣಪ್ಪ. ಕಾಡು ಕಾಯೋಕೆ ನಮ್ಮನ್ನೂ ಕರೀತಾರಾ ನೋಡ್ಬೇಕು’ ಅಂದರು ಅಜ್ಜ.

ಮೇಷ್ಟ್ರು ನಿವೃತ್ತರಾಗಿದ್ದಾರೆ. ಈ ವರ್ಷದ ಶಿಬಿರವೂ ಬೆಟ್ಟದ ಮೇಲೇ ಅಂತ ಕೇಳಿದೆ. ಹೋಗುವ ಹುಡುಗರು ದೇವಸ್ಥಾನದ ಸುತ್ತ ಪ್ಲಾಸ್ಟಿಕ್ ಹೆಕ್ಕಿ, ಬೇಡ ಅನ್ನೋದಿಲ್ಲ. ಆದರೆ ಯಾವುದಾದರೂ ಪೋಡಿನಲ್ಲಿ ಗ್ರಾಮಸಭೆ ಇದ್ದರೆ, ಕೇಳಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತ್ಕೊಳ್ಳಿ. ಎಲೆಅಡಿಕೆ ತಗೊಂಡು ಹೋಗಿ. ನಡುವೆ ಬಾಯಿ ಹಾಕಬೇಡಿ.