ರಥಸಪ್ತಮಿಯಿಂದ ಮುಡುಕುತೊರೆಗೆ: ಕಾವೇರಿ ಬಯಲಿನ ಸುಗ್ಗಿ ಪ್ರವಾಸ

ಮೈಸೂರಿಗೆ ಹೊರಗಿನವರು ಬರುವುದು ಸಾಮಾನ್ಯವಾಗಿ ದಸರೆಗೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಆ ಉತ್ಸವದ ವೈಭವವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನ್ನದಲ್ಲ. ಆದರೆ ದಸರೆಯ ಹೊತ್ತಿಗೆ ಮಂಡ್ಯದ ಬಯಲಿನಲ್ಲಿ ಭತ್ತ ಕೊಯ್ಲಿಗೆ ಬಂದಿರುವುದಿಲ್ಲ, ಅವರೆ ಕಾಯಿ ಕಟ್ಟಿರುವುದಿಲ್ಲ, ಊರೂರಿನ ಜಾತ್ರೆಗಳಿಗೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕು. ಈ ಸೀಮೆಯನ್ನು ಕಣ್ಣಿನ ಜೊತೆಗೆ ನಾಲಿಗೆಯಿಂದಲೂ ತಿಳಿಯಬೇಕೆನ್ನುವವರು ಸಂಕ್ರಾಂತಿಗೂ ಯುಗಾದಿಗೂ ನಡುವಿನ ಸುಗ್ಗಿ ಕಾಲದಲ್ಲಿ ಬರಬೇಕು ಎಂದು ನಾನು ಬಹುಕಾಲದಿಂದ ವಾದಿಸುತ್ತಾ ಬಂದಿದ್ದೇನೆ. ಈ ಸಲ ಆ ವಾದಕ್ಕೆ ಸಾಕ್ಷಿಯಾಗಿ ಪಾಂಡವಪುರ ತಾಲ್ಲೂಕಿನ ನಮ್ಮ ಸೋದರಮಾವನನ್ನೂ ಕರೆದುಕೊಂಡು, ಪತ್ನಿಯೊಂದಿಗೆ ರಥಸಪ್ತಮಿಯ ಬೆಳಿಗ್ಗೆ ಮೈಸೂರಿನಿಂದ ಹೊರಟೆ. ದಾರಿಯಲ್ಲಿ ದ್ರಾಕ್ಷಾರಸ (ವೈನ್) ಸವಿಯುವ ಯೋಜನೆಯೂ ಇದ್ದುದರಿಂದ ಬಾಡಿಗೆ ಕಾರನ್ನೂ ಚಾಲಕನನ್ನೂ ಗೊತ್ತು ಮಾಡಿಕೊಂಡಿದ್ದೆವು.

ಮೊದಲ ನಿಲುಗಡೆ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಅಣೆಯಿಂದಾಗಿ ಉಂಟಾದ ಪುಟ್ಟ ನಡುಗಡ್ಡೆಗಳು ಇವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಬಿಸಿಲೇರುವ ಮುನ್ನ ದೋಣಿ ಹತ್ತಿದವರಿಗೆ ಇಲ್ಲಿ ಜಗಳದ ಸದ್ದೇ ಸ್ವಾಗತ. ಬಣ್ಣದ ಕೊಕ್ಕರೆಗಳು ಕಡ್ಡಿಗಾಗಿ ಕಿತ್ತಾಡುತ್ತಿದ್ದವು. ಒಂದು ಹಕ್ಕಿ ಕಷ್ಟಪಟ್ಟು ತಂದ ರೆಂಬೆಯನ್ನು ಗೂಡಿಗೆ ಸಿಕ್ಕಿಸಿ ತಿರುಗುವಷ್ಟರಲ್ಲಿ ಪಕ್ಕದ ಗೂಡಿನದು ಅದನ್ನು ಎಳೆದುಕೊಳ್ಳುತ್ತಿತ್ತು, ಕಳೆದುಕೊಂಡದ್ದು ಮತ್ತೆ ಹಾರಿ ಹೋಗಿ ಇನ್ನೊಂದನ್ನು ತರುತ್ತಿತ್ತು. ಬಾಯ್ಕಳಕಗಳು, ಚಮಚಕೊಕ್ಕುಗಳು, ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆಗಳು ಎಲ್ಲವೂ ಕೈಗೆಟಕುವಷ್ಟು ಹತ್ತಿರದಲ್ಲಿದ್ದವು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ನೋಡಿ ಮಾವ, "ಇದಕ್ಕೆ ನಮ್ಮೂರ ಪಟೇಲ್ರಷ್ಟೇ ಪುರ್ಸೊತ್ತು ಕಣ್ಲಾ," ಎಂದರು. ದೋಣಿ ನಡೆಸುವವರು ನಗುವನ್ನು ತಡೆದುಕೊಳ್ಳಲು ಮುಖ ತಿರುಗಿಸಿದರು.

ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಕೆಲವೇ ಕಿಲೋಮೀಟರು. ಆದಿರಂಗನೆಂದು ಹೆಸರಾದ ರಂಗನಾಥಸ್ವಾಮಿಗೆ ರಥಸಪ್ತಮಿಯಂದು ಬ್ರಹ್ಮರಥೋತ್ಸವ. ತೇರಿನ ಬೀದಿಯ ಎರಡೂ ಬದಿಯಲ್ಲಿ ಬಾಳೆಹಣ್ಣಿಗೆ ದವನದ ಎಳೆ ಸಿಕ್ಕಿಸಿ ಮಾರುವವರ ಸಾಲು. ನಮ್ಮ ಕಡೆ ಇದಕ್ಕೆ ಹಣ್ಣು ಜವನ ಎನ್ನುತ್ತಾರೆ. ಹೊಸದಾಗಿ ಮದುವೆಯಾದ ಜೋಡಿಗಳು ತೇರಿಗೆ ಹಣ್ಣು ಜವನ ಎಸೆಯಬೇಕೆಂಬ ರೂಢಿ ಇರುವುದರಿಂದ ಜನಸಂದಣಿಯಲ್ಲಿ ಅರಿಸಿನದ ದಾರ ಇನ್ನೂ ಮಾಸದ ಹೆಣ್ಣುಮಕ್ಕಳು ಬಹಳ ಕಾಣಿಸಿದರು. ಕಳಸದ ಬುಡಕ್ಕೆ ಗುರಿಯಿಟ್ಟು ಎಸೆದ ಹಣ್ಣುಗಳಲ್ಲಿ ಅರ್ಧಕ್ಕರ್ಧ ಹಗ್ಗ ಹಿಡಿದವರ ತಲೆಯ ಮೇಲೆ ಬೀಳುತ್ತವೆ, ಯಾರೂ ಬೇಸರಿಸುವುದಿಲ್ಲ. ತೇರು ತಿರುವಿನಲ್ಲಿ ನಿಂತಾಗ ಗಾಲಿಗೆ ಮರದ ತುಂಡನ್ನು ಅಡ್ಡಕೊಟ್ಟು ದಿಕ್ಕು ಬದಲಿಸುವವರ ಕೆಲಸವನ್ನು ಹತ್ತಿರದಿಂದ ನೋಡಬೇಕು. ನೂರಾರು ಜನ ಎಳೆಯುವ ಭಾರವನ್ನು ನಾಲ್ಕಾರು ಜನ ಕಣ್ಸನ್ನೆಯಲ್ಲೇ ಹದ್ದುಬಸ್ತಿನಲ್ಲಿಡುತ್ತಾರೆ. ಊರಿನಲ್ಲಿ ದರಿಯಾ ದೌಲತ್, ಗುಂಬಜ್, ಸಂಗಮ ಎಲ್ಲವೂ ಇವೆ, ಅವನ್ನು ವರ್ಷದ ಯಾವ ದಿನ ಬೇಕಾದರೂ ನೋಡಬಹುದಾದ್ದರಿಂದ ನಾವು ಅತ್ತ ತಿರುಗಲಿಲ್ಲ.

ಮಧ್ಯಾಹ್ನದ ಊಟ ಮಾವನ ಮನೆಯಲ್ಲಿ. ರಾಗಿಮುದ್ದೆ, ಹಿತಕಿದ ಅವರೆಕಾಳಿನ ಸಾರು, ರಾಜಮುಡಿ ಅಕ್ಕಿಯ ಅನ್ನ, ಗಟ್ಟಿ ಮಜ್ಜಿಗೆ. ಅವರೆಕಾಯಿಯ ಕಾಲ ಮುಗಿಯುತ್ತಾ ಬಂದಿತ್ತು. ಧನುರ್ಮಾಸದ ಇಬ್ಬನಿಯಲ್ಲಿ ನೆನೆದ ಕಾಯಿಗೆ ಇರುವ ಸೊಗಡು, ಬಿಡಿಸಿದ ಮೇಲೆ ದಿನವಿಡೀ ಬೆರಳಿಗೆ ಅಂಟಿಕೊಳ್ಳುವ ಆ ಜಿಡ್ಡಿನ ಪರಿಮಳ, ಈ ಕೊನೆಯ ಫಸಲಿನ ಕಾಯಿಗೆ ಇರುವುದಿಲ್ಲ. ಅತ್ತೆಗೂ ಅದು ಗೊತ್ತಿದ್ದುದರಿಂದ ಸಾರಿಗೆ ಎರಡು ಎಸಳು ಬೆಳ್ಳುಳ್ಳಿಯನ್ನು ಹೆಚ್ಚಾಗಿಯೇ ಅರೆದಿದ್ದರು. "ಪುಷ್ಯದಲ್ಲಿ ಬರಬೇಕಿತ್ತಪ್ಪ, ಈಗ ಬಂದು ಸೊಗಡು ಅಂದ್ರೆ ಎಲ್ಲಿಂದ ತರಲಿ?" ಎಂದು ಇನ್ನೊಂದು ಮುದ್ದೆಯನ್ನು ತಟ್ಟೆಗೆ ಇಟ್ಟರು. ಕಾಲದ ಪ್ರಶ್ನೆ ಎಷ್ಟು ಸೂಕ್ಷ್ಮವೆಂದರೆ ಒಂದೇ ಸುಗ್ಗಿಯೊಳಗೂ ಬೇಗ ಬಂದವನಿಗೆ ಒಂದು ರುಚಿ, ತಡವಾಗಿ ಬಂದವನಿಗೆ ಇನ್ನೊಂದು.

ಊಟದ ನಂತರ ಊರಾಚೆಯ ಆಲೆಮನೆಗೆ ನಡೆದೆವು. ಕನ್ನಂಬಾಡಿ ಕಟ್ಟೆ ಎದ್ದು, ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆಯೇ ಮಂಡ್ಯ ಕಬ್ಬಿನ ಸೀಮೆಯಾದದ್ದು; ಮೈಷುಗರ್ ಎಂದು ಜನ ಕರೆಯುವ ಸಕ್ಕರೆ ಕಾರ್ಖಾನೆ 1933ರಲ್ಲಿ ಆರಂಭವಾದರೆ, ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅಂದರೆ ಇಲ್ಲಿ ಜಿಲ್ಲೆಗಿಂತ ಕಾರ್ಖಾನೆಯೇ ಹಿರಿಯದು. ಆದರೆ ಕಬ್ಬಿನ ರುಚಿ ನೋಡಬೇಕಾದರೆ ಕಾರ್ಖಾನೆಗೆ ಹೋಗಿ ಪ್ರಯೋಜನವಿಲ್ಲ. ಗಾಣದಿಂದ ಇಳಿದ ಹಾಲನ್ನು ಅಗಲವಾದ ಕೊಪ್ಪರಿಗೆಗೆ ಸುರಿದು, ಹಿಂಡಿ ಒಣಗಿಸಿದ ಸಿಪ್ಪೆಯನ್ನೇ ಒಲೆಗೆ ಒಡ್ಡುತ್ತಾರೆ. ಸ್ವಲ್ಪ ಸುಣ್ಣ ಬಿದ್ದ ಕೂಡಲೇ ಕಶ್ಮಲವೆಲ್ಲ ಕರಿ ನೊರೆಯಾಗಿ ಮೇಲೆದ್ದು ಬರುತ್ತದೆ, ಅದನ್ನು ಉದ್ದ ಹಿಡಿಯ ಜಾಲರಿಯಿಂದ ತೆಗೆದು ಹಾಕುತ್ತಲೇ ಇರಬೇಕು. ನೊರೆ ನಿಂತು, ಕುದಿತದ ಗುಳ್ಳೆಗಳು ದಪ್ಪಗಾಗಿ, ಬಣ್ಣ ಜೇನಿನತ್ತ ತಿರುಗಿದಾಗ ಪಾಕ ನೋಡುವ ಹಿರಿಯರು ಎದ್ದು ಬಂದರು. ಹುಟ್ಟಿನ ತುದಿಯಿಂದ ಒಂದಿಷ್ಟನ್ನು ತಣ್ಣೀರಿನ ಪಾತ್ರೆಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಪಾತ್ರೆಯ ಅಂಚಿಗೆ ತಟ್ಟಿದರು. ಟಕ್ಕೆಂದು ಸದ್ದು ಬಂದ ಕ್ಷಣವೇ ನಾಲ್ವರು ಕೊಪ್ಪರಿಗೆಗೆ ಕೈಹಾಕಿ ಒಲೆಯಿಂದ ಇಳಿಸಿದರು. ಅರೆಗಳಿಗೆ ತಡವಾದರೆ ಬೆಲ್ಲ ಕಮರು ಹಿಡಿಯುತ್ತದೆ, ಮೊದಲೇ ಇಳಿಸಿದರೆ ಅಚ್ಚಿನಲ್ಲಿ ನಿಲ್ಲದೆ ಕರಗುತ್ತದೆ.

ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೊ ಬೆಲ್ಲ ಬಂದರೆ ಒಳ್ಳೆಯ ಇಳುವರಿ. ಮಂಡ್ಯದ ಮಾರುಕಟ್ಟೆಯಲ್ಲಿ ಅದು ಅಚ್ಚು, ಕುರಿಕಾಲಚ್ಚು, ಬಕೆಟ್ ಎಂದು ಆಕಾರದ ಮೇಲೆ ಬೇರೆ ಬೇರೆ ಹೆಸರು ಪಡೆಯುತ್ತದೆ. ಬಣ್ಣ ಬೆಳ್ಳಗಿದ್ದಷ್ಟೂ ಪೇಟೆಯಲ್ಲಿ ಬೆಲೆ ಹೆಚ್ಚು, ಅದಕ್ಕಾಗಿ ಪಾಕಕ್ಕೆ ರಾಸಾಯನಿಕ ಬೆರೆಸುವ ಅಭ್ಯಾಸವೂ ಬೆಳೆದಿದೆ. ಕೊಳ್ಳುವವರು ಕಪ್ಪು ಬೆಲ್ಲವನ್ನೇ ಕೇಳಿ ಪಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಮಾವ ಬಾಳೆಲೆಯ ಚೂರಿನ ಮೇಲೆ ಬಿಸಿ ಪಾಕವನ್ನು ಹಾಕಿಸಿ, ಕಾಯಿಚೂರು ಉದುರಿಸಿ ನಮಗೆ ಕೊಟ್ಟರು. ಇದನ್ನು ಡಬ್ಬಿಯಲ್ಲಿ ತುಂಬಿ ಮನೆಗೆ ಒಯ್ದರೆ ಸಂಜೆಗೆ ಸಾಮಾನ್ಯ ಬೆಲ್ಲವೇ ಆಗುತ್ತದೆ, ಆದ್ದರಿಂದ ನಿಂತಲ್ಲೇ ತಿಂದು ಮುಗಿಸಿದೆವು.

ರಾತ್ರಿ ಮೇಲುಕೋಟೆಯಲ್ಲಿ ತಂಗಿ, ಬೆಳಗಿನ ಜಾವ ಯೋಗನರಸಿಂಹನ ಬೆಟ್ಟ ಹತ್ತಿದೆವು. ಕೆಳಗೆ ಕಲ್ಯಾಣಿಯ ಸುತ್ತಣ ಮಂಟಪಗಳಿಗೆ ಬಿಸಿಲು ಬರುವವರೆಗೆ ಮೇಲೆಯೇ ಕುಳಿತಿದ್ದು, ಇಳಿದು ಬಂದು ಚೆಲುವನಾರಾಯಣನ ದರ್ಶನ ಮಾಡಿದೆವು. ವೈರಮುಡಿ ಉತ್ಸವ ಫಾಲ್ಗುಣದಲ್ಲಿ. ಅಂದು ಜಿಲ್ಲಾ ಖಜಾನೆಯಿಂದ ವಜ್ರಖಚಿತ ಕಿರೀಟವನ್ನು ಪೊಲೀಸ್ ಕಾವಲಿನಲ್ಲಿ ತರುವಾಗ ದಾರಿಯ ಹಳ್ಳಿಗಳ ಜನ ತಡೆದು ನಿಲ್ಲಿಸಿ ಪೂಜೆ ಸಲ್ಲಿಸುತ್ತಾರೆ, ರಾತ್ರಿ ಗರುಡವಾಹನದ ಮೇಲೆ ಆ ಕಿರೀಟ ಧರಿಸಿದ ಸ್ವಾಮಿಯನ್ನು ನೋಡಲು ಲಕ್ಷಾಂತರ ಮಂದಿ ಸೇರುತ್ತಾರೆ. ಅಂತಹ ರಾತ್ರಿಯಲ್ಲಿ ಇಲ್ಲಿ ನಿಂತು ಪುಳಿಯೋಗರೆ ತಿನ್ನಲು ಜಾಗ ಸಿಗುವುದಿಲ್ಲ. ಮಾಘದ ಬೆಳಿಗ್ಗೆ ಸಿಗುತ್ತದೆ. ಮೇಲುಕೋಟೆಯ ಪುಳಿಯೋಗರೆಯ ಗುಟ್ಟು ಅದರ ಗೊಜ್ಜಿನಲ್ಲಿದೆ: ಹುಣಸೆಯ ಹುಳಿಯನ್ನು ಎಣ್ಣೆ ಬಿಡುವವರೆಗೆ ಕುದಿಸಿ, ಬೆಲ್ಲ ಸೇರಿಸಿ, ಹುರಿದ ಎಳ್ಳು ಮತ್ತು ಮೆಣಸಿನ ಪುಡಿ ಬೆರೆಸುತ್ತಾರೆ. ಕಲಸಿದ ಕೂಡಲೇ ತಿನ್ನುವುದಕ್ಕಿಂತ ಗಂಟೆಯೆರಡು ಬಿಟ್ಟು ತಿಂದರೆ ಅನ್ನಕ್ಕೆ ಹುಳಿ ಹಿಡಿದು ಚೆನ್ನಾಗಿರುತ್ತದೆ. ಪತ್ನಿ ಒಂದು ಪೊಟ್ಟಣವನ್ನು ದಾರಿಗೆಂದು ಕಟ್ಟಿಸಿಕೊಂಡಳು.

ಮಂಡ್ಯ ದಾಟಿ ಮದ್ದೂರಿನಲ್ಲಿ ವಡೆಗೆ ನಿಂತೆವು. ಉದ್ದಿನ ವಡೆಗೂ ಇದಕ್ಕೂ ಸಂಬಂಧವಿಲ್ಲ. ಚಿರೋಟಿ ರವೆ, ಅಕ್ಕಿಹಿಟ್ಟು, ಮೈದಾಕ್ಕೆ ಕಾದ ಎಣ್ಣೆ ಹಾಕಿ, ಉದ್ದುದ್ದ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕರಿಬೇವನ್ನು ಹಿಸುಕಿ, ಈರುಳ್ಳಿ ಬಿಟ್ಟ ನೀರಿನಲ್ಲೇ ಆದಷ್ಟು ಗಟ್ಟಿಯಾಗಿ ಕಲಸಿ ತಟ್ಟುತ್ತಾರೆ. ರೈಲು ನಿಲ್ದಾಣದಲ್ಲಿ ಹೆಸರು ಮಾಡಿದ ತಿಂಡಿಯಾದ್ದರಿಂದ ಕೈಯಲ್ಲಿ ಹಿಡಿದು ತಿನ್ನಲು, ಸಂಜೆಯವರೆಗೆ ಇಟ್ಟುಕೊಳ್ಳಲು ಹೇಳಿ ಮಾಡಿಸಿದಂತಿದೆ. ಹೆದ್ದಾರಿ ಅಗಲವಾಗಿ ಊರನ್ನು ಬಳಸಿ ಹೋಗುವಂತಾದ ಮೇಲೆ ಇದಕ್ಕಾಗಿ ಊರೊಳಕ್ಕೆ ಇಳಿಯಬೇಕು. ಇಳಿಯುವುದೇ ಸರಿ.

ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನದೇ ಹಳ್ಳಿ, ಶಿಂಷಾ ನದಿಗೆ ಸಮೀಪ. ರಂಗನತಿಟ್ಟಿನಲ್ಲಿ ಹಕ್ಕಿಗಳ ಮನೆಗೆ ನಾವು ಹೋದರೆ, ಇಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಜನರ ಹಿತ್ತಲಿಗೆ ಬಂದು ಹುಣಸೆ, ಅತ್ತಿ, ಅರಳಿ ಮರಗಳಲ್ಲಿ ಸಂಸಾರ ಹೂಡುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳೆಂದೇ ಕಾಣುತ್ತಾರೆ. ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ, ಆದರೆ ಗೂಡಿರುವ ಮರದ ಹುಣಸೆ ಫಸಲನ್ನು ಬಡಿಯುವಂತಿಲ್ಲ; ಲಾಭ ನಷ್ಟ ಎರಡೂ ಉಂಟು. 2007ರಿಂದ ಇದು ಸಮುದಾಯ ಮೀಸಲು ಪ್ರದೇಶ. ಜಗಲಿಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ಕ್ಯಾಮೆರಾ ಹಿಡಿದ ನನ್ನನ್ನು ನೋಡಿ, "ಮ್ಯಾಲೆ ನೋಡ್ಕೊಂಡು ಬಾಯಿ ತೆರೀಬ್ಯಾಡ ಕಣಪ್ಪ," ಎಂದು ಎಚ್ಚರಿಸಿದರು. ಎಚ್ಚರಿಕೆ ಸಕಾಲಿಕವಾಗಿತ್ತು.

ಇನ್ನು ದ್ರಾಕ್ಷಾರಸದ ಸರದಿ. ಹೆದ್ದಾರಿಗೆ ಮರಳಿ, ಜಿಲ್ಲೆಯ ಗಡಿ ದಾಟಿ ಚನ್ನಪಟ್ಟಣದ ಕಡೆಗೆ ಹೋದರೆ ದ್ರಾಕ್ಷಿ ತೋಟವೂ ತಯಾರಿಕಾ ಘಟಕವೂ ಒಟ್ಟಿಗೆ ನೋಡಸಿಗುತ್ತವೆ. 2007ರ ದ್ರಾಕ್ಷಾರಸ ನೀತಿಯ ನಂತರ ರಾಜ್ಯದಲ್ಲಿ ಈ ಉದ್ಯಮ ಬೇರೂರಿತು. ನಮ್ಮ ಹವೆಯಲ್ಲಿ ಬಳ್ಳಿ ಚಳಿಗಾಲದ ನಿದ್ರೆಗೆ ಹೋಗುವುದಿಲ್ಲವಾದ್ದರಿಂದ ವರ್ಷಕ್ಕೆ ಎರಡು ಬಾರಿ ಸವರುತ್ತಾರೆ: ಬೇಸಿಗೆಯಲ್ಲಿ ಬಳ್ಳಿ ಬಲಿಯಲೆಂದು, ಮಳೆಗಾಲದ ಕೊನೆಗೆ ಹಣ್ಣಿಗೆಂದು. ಹಾಗಾಗಿ ಕೊಯ್ಲು ಬೀಳುವುದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ, ಅಂದರೆ ಆಲೆಮನೆಯ ಒಲೆ ಉರಿಯುವ ಕಾಲದಲ್ಲೇ. ತೋಟದ ಮೇಸ್ತ್ರಿ ಶಿರಾಜ್ ಎಂಬ ಕರಿ ದ್ರಾಕ್ಷಿಯ ಒಂದು ಹಣ್ಣನ್ನು ಹಿಸುಕಿ ರಸದ ಹನಿಯನ್ನು ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು ಮಾವನ ಕೈಗೆ ಕೊಟ್ಟರು. ಒಳಗೆ ಕಾಣುವ ಗೆರೆ ಸಕ್ಕರೆಯ ಅಂಶವನ್ನು ತೋರಿಸುತ್ತದೆ. ಸುಮಾರು ಶೇಕಡಾ 22ರಿಂದ 24ರ ಮಟ್ಟ ಮುಟ್ಟಿದರೆ ಕೊಯ್ಲು. "ಪಾಕ ನೋಡೋಕೆ ಇವ್ರು ದುರ್ಬೀನು ಇಟ್ಕೊಂಡವ್ರೆ," ಎಂದರು ಮಾವ, ಮತ್ತು ಕಣ್ಣನ್ನು ಬಹಳ ಹೊತ್ತು ಅದರಿಂದ ತೆಗೆಯಲಿಲ್ಲ.

ಕರಿ ದ್ರಾಕ್ಷಿಯ ರಸಕ್ಕೂ ಹೆಚ್ಚೇನೂ ಬಣ್ಣವಿರುವುದಿಲ್ಲ. ಸಿಪ್ಪೆಯೊಡನೆ ಹುದುಗಿದಾಗ ಕೆಂಪು ಇಳಿಯುತ್ತದೆ. ಮೇಲೆ ತೇಲಿ ದಪ್ಪ ಪದರವಾಗುವ ಸಿಪ್ಪೆಯನ್ನು ದಿನವೂ ಒಳಕ್ಕೆ ಅದುಮಬೇಕು. ಬಿಳಿಯದಕ್ಕೆ ಸಿಪ್ಪೆಯನ್ನು ಮೊದಲೇ ಬೇರ್ಪಡಿಸಿ ತಂಪಿನಲ್ಲಿ ನಿಧಾನವಾಗಿ ಹುದುಗಿಸುತ್ತಾರೆ. ಸವಿಯಲು ಕೊಟ್ಟ ಗುಟುಕುಗಳಲ್ಲಿ ಮಾವನಿಗೆ ಹಿಡಿಸಿದ್ದು ಸಿಹಿಯಾದ ಪೋರ್ಟ್ ಒಂದೇ. ಒಗರಾದ ಕೆಂಪನ್ನು ಬಾಯಲ್ಲಿ ಆಡಿಸಿ, "ಇದು ಔಷಧಿ ಕಣವ್ವ," ಎಂದು ಲೋಟವನ್ನು ನನ್ನ ಪತ್ನಿಯ ಕಡೆಗೆ ಸರಿಸಿದರು. ನನಗೆ ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯದು ಇಷ್ಟವಾಯಿತು. ಚೀಲದಲ್ಲಿದ್ದ ಮದ್ದೂರು ವಡೆಯನ್ನು ಕೇಳಿಯೇ ಹೊರತೆಗೆದು ಜೊತೆಗೆ ತಿಂದು ನೋಡಿದೆವು. ಈರುಳ್ಳಿಯ ಸಿಹಿಗೂ ಎಣ್ಣೆಯ ಜಿಡ್ಡಿಗೂ ಆ ಹುಳಿ ಚೆನ್ನಾಗಿ ಒಪ್ಪಿತು. ಪುಳಿಯೋಗರೆಯ ಜೊತೆ ಮಾತ್ರ ಯಾವುದೂ ಹೊಂದಲಿಲ್ಲ, ಹುಳಿಗೆ ಹುಳಿ ಜಗಳ. ಅಲ್ಲಿ ಬಡಿಸುತ್ತಿದ್ದ ಚೀಸ್ ತಟ್ಟೆಗಿಂತ ಈ ಸೀಮೆಯ ತಿಂಡಿಗಳನ್ನೇ ಇಡುವುದು ಮೇಲು ಎಂದು ನಾನು ಹೇಳಿಯೂ ಬಂದೆ.

ಮಳವಳ್ಳಿಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಮುಡುಕುತೊರೆ ತಲುಪಿದೆವು. ತಲಕಾಡಿನ ಪಂಚಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನ ಇರುವ ಈ ಬೆಟ್ಟದ ಬುಡದಲ್ಲಿ, ಕಾವೇರಿಯ ದಂಡೆಯ ಬಯಲಿನಲ್ಲಿ, ಮಾಘದ ಜಾತ್ರೆಯ ಜೊತೆಗೆ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ತಳಿಯ ರಾಸುಗಳಿಗೆ ಚಪ್ಪರ ಹಾಕಿ, ನೆಲಕ್ಕೆ ಹುಲ್ಲಿನ ಹಾಸಿಗೆ ಹಾಸಿ, ಕೊಂಬಿಗೆ ಕಳಸ, ಕೊರಳಿಗೆ ಗೆಜ್ಜೆಸರ ಕಟ್ಟಿದ್ದರು. ವಯಸ್ಸು ತಿಳಿಯಲು ಕೊಳ್ಳುವವರು ಮೊದಲು ನೋಡುವುದು ಹಲ್ಲು: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಹಲ್ಲೆಲ್ಲ ತುಂಬಿ ಬಾಯಿಗೂಡಿದ್ದು. ಆಮೇಲೆ ಮೈಮೇಲಿನ ಕೂದಲ ಸುಳಿ. ಆಮೇಲೆ ನಡಿಗೆ. ಬೆಲೆಯ ಮಾತು ಬಂದಾಗ ಇಬ್ಬರೂ ಒಂದು ಟವೆಲಿನ ಮರೆಯಲ್ಲಿ ಕೈ ಹಿಡಿದು ಬೆರಳುಗಳಲ್ಲೇ ಲೆಕ್ಕ ಹೇಳುತ್ತಾರೆ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ.

ಮಾವ ನಾಲ್ಕು ಹಲ್ಲಿನ ಒಂದು ಜೋಡಿಯ ಮುಂದೆ ನಿಂತವರು ಕದಲಲಿಲ್ಲ. ಊರಲ್ಲಿ ಉಳುವುದಕ್ಕೆ ಟ್ರ್ಯಾಕ್ಟರ್ ಇದೆ, ಕೊಟ್ಟಿಗೆಯಲ್ಲಿ ಸೀಮೆಹಸುಗಳಿವೆ, ಎತ್ತು ಕೊಳ್ಳುವ ಯಾವ ಉದ್ದೇಶವೂ ಅವರಿಗೆ ಇರಲಿಲ್ಲ. ಆದರೂ ಕೈ ಟವೆಲಿನೊಳಗೆ ಹೋಯಿತು. ಮಾರುವವರ ಹುಬ್ಬು ಏರಿತು, ಇಳಿಯಿತು, ಕೊನೆಗೆ ಇಬ್ಬರೂ ಜೋರಾಗಿ ನಕ್ಕು ಕೈ ಬಿಟ್ಟರು. ಎಷ್ಟು ಕೇಳಿದಿರಿ ಎಂದರೆ ಮಾವ ಹೇಳಲಿಲ್ಲ. "ಅದು ಟವಲ್ ಒಳಗಿನ ಮಾತು, ನಿನಗ್ಯಾಕೆ?" ಎಂದವರು ಒಂದು ಜೊತೆ ಹೊಸ ಮೂಗುದಾರ ಕೊಂಡು ಜೇಬಿಗಿಳಿಸಿ, ಕಡ್ಲೆಪುರಿ ಅಂಗಡಿಯ ಕಡೆಗೆ ನಡೆದರು.